ಗಣಿತ ಪ್ರಶ್ನೋತ್ತರ: ಮಾತಿನ ಲೆಕ್ಕದಿಂದ ಅಸಮತೆಗೆ

ಪ್ರಶ್ನೆ: ಅಸಮತೆಯನ್ನು (ಒಂದು ಬೆಲೆ ಇನ್ನೊಂದಕ್ಕಿಂತ ಹೆಚ್ಚು ಅಥವಾ ಕಡಿಮೆ ಎಂದು ಚಿಹ್ನೆಯಿಂದ ಹೇಳುವ ಹೇಳಿಕೆಯನ್ನು) ಬರೆದುಕೊಟ್ಟರೆ ಬಿಡಿಸುತ್ತೇನೆ. ಆದರೆ ವಾಕ್ಯರೂಪದ ಲೆಕ್ಕ ಬಂದಾಗ ಯಾವ ಚಿಹ್ನೆ ಹಾಕಬೇಕೆಂಬುದೇ ತಿಳಿಯುವುದಿಲ್ಲ. ‘ಕನಿಷ್ಠ’ ಎಂದು ಕಂಡೊಡನೆ ‘ಕಡಿಮೆ’ಯ ಚಿಹ್ನೆ ಹಾಕಿ ತಪ್ಪುತ್ತೇನೆ. ಏನು ಮಾಡಲಿ? (ಒಬ್ಬ ವಿದ್ಯಾರ್ಥಿನಿ)

ಉತ್ತರ: ವಾಕ್ಯದ ಅರ್ಥವನ್ನು ಪೂರ್ತಿ ಗ್ರಹಿಸುವ ಮೊದಲೇ ಯಾವುದೋ ಒಂದು ಪದವನ್ನು ಹಿಡಿದು ಚಿಹ್ನೆ ಊಹಿಸುವ ಅಭ್ಯಾಸವೇ ಈ ತೊಡಕಿನ ಮೂಲ. ಒಂದು ಲೆಕ್ಕವನ್ನೇ ನೋಡೋಣ. ತಲಾ 100 ಅಂಕಗಳ ಐದು ಪರೀಕ್ಷೆಗಳಲ್ಲಿ ಸರಾಸರಿ ಕನಿಷ್ಠ 75 ಇರಬೇಕು. ಮೊದಲ ನಾಲ್ಕರಲ್ಲಿ 68, 74, 81 ಮತ್ತು 70 ಬಂದಿವೆ. ಐದನೆಯದರಲ್ಲಿ ಎಷ್ಟು ಬರಬೇಕು?

ಮೊದಲು ‘ಐದನೆಯ ಪರೀಕ್ಷೆಯಲ್ಲಿ ಬರುವ ಅಂಕಗಳು ಕ ಆಗಿರಲಿ’ ಎಂದು ಪೂರ್ಣ ವಾಕ್ಯದಲ್ಲಿ ಬರೆಯಿರಿ. ಬರಿಯ ‘ಅಂಕಗಳು ಕ’ ಎಂದು ಬರೆದರೆ ಅದು ಐದನೆಯ ಪರೀಕ್ಷೆಯದೋ, ಒಟ್ಟು ಮೊತ್ತವೋ, ಸರಾಸರಿಯೋ ಎಂಬ ಗೊಂದಲ ಎರಡು ಸಾಲು ದಾಟುವುದರೊಳಗೆ ಹುಟ್ಟಿಕೊಳ್ಳುತ್ತದೆ. ಚಿಹ್ನೆ ಹಾಕುವ ಮುನ್ನ ಗಡಿಯ ಸಂಖ್ಯೆಯನ್ನೂ ಅದರ ಆಚೀಚಿನ ಎರಡು ಸಂಖ್ಯೆಗಳನ್ನೂ ವಾಕ್ಯದ ಮುಂದೆ ನಿಲ್ಲಿಸಿ ಕೇಳಿ: ಸರಾಸರಿ 74 ಆದರೆ ಸಾಕೇ? ಸಾಲದು. 75? ಸಾಕು. 76? ಧಾರಾಳವಾಗಿ ಸಾಕು. ಗಡಿಯೂ ಅದರ ಮೇಲಿನದೂ ಒಪ್ಪಿತವಾದ್ದರಿಂದ ಚಿಹ್ನೆ ‘≥’ (ಸಮ ಅಥವಾ ಹೆಚ್ಚು) ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ‘ಮೀರಬಾರದು’, ‘ಒಳಗಿರಬೇಕು’, ‘ಕಡಿಮೆಯಾಗದಂತೆ’ ಮುಂತಾದ ಯಾವ ಮಾತು ಬಂದರೂ ಈ ಮೂರು ಸಂಖ್ಯೆಗಳ ಪರೀಕ್ಷೆ ಸಾಕಾಗುತ್ತದೆ; ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಇದೇ ಭದ್ರವಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾಲ್ಕರ ಮೊತ್ತ 293. ಆದ್ದರಿಂದ (293 + ಕ) ÷ 5 ≥ 75. ಎರಡೂ ಬದಿಗಳನ್ನು 5ರಿಂದ ಗುಣಿಸಿದರೆ 293 + ಕ ≥ 375, ಅಂದರೆ ಕ ≥ 82. ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. 100ಕ್ಕಿಂತ ಹೆಚ್ಚು ಅಂಕ ಬರುವಂತಿಲ್ಲವಾದ್ದರಿಂದ ಪೂರ್ಣ ಉತ್ತರ 82 ≤ ಕ ≤ 100 (‘≤’ ಎಂದರೆ ಸಮ ಅಥವಾ ಕಡಿಮೆ). ವಾಕ್ಯದಲ್ಲಿ ಬಾಯಿಬಿಟ್ಟು ಹೇಳದ ಇಂತಹ ಮಿತಿಗಳನ್ನು ನಾವೇ ಗುರುತಿಸಬೇಕು. ಮೊದಲ ನಾಲ್ಕರ ಮೊತ್ತ 270 ಆಗಿದ್ದಿದ್ದರೆ ಕ ≥ 105 ಎಂದು ಬರುತ್ತಿತ್ತು. ಆಗ ‘ಈ ಗುರಿ ಸಾಧ್ಯವಿಲ್ಲ’ ಎಂಬುದೇ ಸರಿಯಾದ ಉತ್ತರ.

ಗಡಿ ಸೇರಿದೆಯೇ ಇಲ್ಲವೇ ಎಂಬ ಪ್ರಶ್ನೆ ಎಷ್ಟು ಮುಖ್ಯವೆಂದರೆ ಅದಕ್ಕೆ ಪ್ರತ್ಯೇಕ ಚಿಹ್ನೆಯೇ ಬೇಕಾಯಿತು. ‘<’ ಮತ್ತು ‘>’ ಚಿಹ್ನೆಗಳು ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್ ಅವರ ನಿಧನಾನಂತರ 1631ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಕಾಣಿಸಿಕೊಂಡವು. ಸಮತೆಯ ಗೆರೆ ಸೇರಿದ ರೂಪವನ್ನು ಫ್ರಾನ್ಸಿನ ಗಣಿತಜ್ಞ ಪಿಯರ್ ಬೂಗೆ 1734ರಲ್ಲಿ ಬಳಸಿದರು.

ಪ್ರಶ್ನೆ: ಋಣ ಸಂಖ್ಯೆಯಿಂದ ಭಾಗಿಸಿದಾಗ ಚಿಹ್ನೆ ತಿರುಗುತ್ತದೆ ಎಂದು ಮಗ ಉರುಹೊಡೆದಿದ್ದಾನೆ. ಏಕೆ ಎಂದರೆ ಹೇಳಲಾರ. ಹೇಗೆ ತಿಳಿಸಿಕೊಡಲಿ? (ಒಬ್ಬ ತಾಯಿ)

ಉತ್ತರ: ಸಂಖ್ಯಾರೇಖೆಯ ಮೇಲೆ 3 ಮತ್ತು 5ನ್ನು ಗುರುತಿಸಲು ಹೇಳಿ, 5 ಬಲಕ್ಕಿದೆ. ಈಗ ಎರಡನ್ನೂ −1ರಿಂದ ಗುಣಿಸಿ −3 ಮತ್ತು −5ನ್ನು ಗುರುತಿಸಲಿ. ಸೊನ್ನೆಯಿಂದ ಹೆಚ್ಚು ದೂರವಿದ್ದ 5 ಈಗ ಎಡಕ್ಕೆ ಹೆಚ್ಚು ದೂರ ಸರಿದಿರುವುದರಿಂದ −3 > −5. ಸ್ಥಾನಗಳ ಕ್ರಮ ಅದಲುಬದಲಾಗಿರುವುದನ್ನು ಅವನೇ ಕಾಣುತ್ತಾನೆ.

ಬಳಿಕ ಈ ಲೆಕ್ಕ ಕೊಡಿ: 900 ಲೀಟರ್ ನೀರಿರುವ ತೊಟ್ಟಿಯಿಂದ ನಿಮಿಷಕ್ಕೆ 25 ಲೀಟರ್ ಹೊರಹೋಗುತ್ತದೆ, ನೀರು 150 ಲೀಟರಿಗಿಂತ ಕೆಳಗಿಳಿಯಬಾರದು, ಎಷ್ಟು ನಿಮಿಷ ಬಿಡಬಹುದು? ನಿಮಿಷಗಳು ನ ಆಗಿದ್ದರೆ 900 − 25ನ ≥ 150. ಎರಡೂ ಬದಿಗಳಿಂದ 900 ಕಳೆದರೆ −25ನ ≥ −750. −25ರಿಂದ ಭಾಗಿಸಿದಾಗ ಚಿಹ್ನೆ ತಿರುಗಿ ನ ≤ 30. ಇದನ್ನೇ ಇನ್ನೊಂದು ಬಗೆಯಲ್ಲೂ ಬಿಡಿಸಲಿ: ಎರಡೂ ಬದಿಗಳಿಗೆ 25ನ ಕೂಡಿಸಿ, 150 ಕಳೆದರೆ 750 ≥ 25ನ, ಅಂದರೆ 30 ≥ ನ. ಋಣ ಸಂಖ್ಯೆಯ ಸೋಂಕೇ ಇಲ್ಲದೆ ಅದೇ ಉತ್ತರ ಬಂದಾಗ ನಿಯಮ ತಾನಾಗಿಯೇ ಮನದಟ್ಟಾಗುತ್ತದೆ. ಚಿಹ್ನೆ ತಿರುಗಿಸಲು ಮರೆತು ‘ನ ≥ 30’ ಎಂದು ಬರೆದಿದ್ದರೆ, 32ನೆಯ ನಿಮಿಷದ ಕೊನೆಗೆ ಎಷ್ಟು ನೀರು ಉಳಿಯಿತೆಂದು ಕೇಳಿ; 100 ಲೀಟರ್ ಎಂಬ ಉತ್ತರವೇ ತಪ್ಪನ್ನು ತೋರಿಸಿಕೊಡುತ್ತದೆ.

ಪ್ರಶ್ನೆ: ಉತ್ತರ ದಶಮಾಂಶದಲ್ಲಿ ಬಂದರೆ ಮೇಲಿನ ಪೂರ್ಣಾಂಕ ತೆಗೆದುಕೊಳ್ಳಬೇಕೋ, ಕೆಳಗಿನದೋ?

ಉತ್ತರ: ಅರ್ಧಕ್ಕಿಂತ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆಯಿದ್ದರೆ ಕೆಳಕ್ಕೆ ಎಂಬ ಅಂದಾಜಿನ ನಿಯಮ ಇಲ್ಲಿ ಸಲ್ಲದು, ಅಸಮತೆಯ ದಿಕ್ಕೇ ನಿರ್ಧರಿಸುತ್ತದೆ. 600 ಕಿಲೋ ಮಿತಿಯ ಲಿಫ್ಟಿನಲ್ಲಿ 72 ಕಿಲೋ ತೂಕದ ಒಬ್ಬರು ತಲಾ 35 ಕಿಲೋ ತೂಗುವ ಪೆಟ್ಟಿಗೆಗಳನ್ನು ಒಯ್ಯುವುದಾದರೆ, ಪೆಟ್ಟಿಗೆಗಳ ಸಂಖ್ಯೆ ಪ ಆಗಿರಲಿ: 72 + 35ಪ ≤ 600, ಪ ಸುಮಾರು 15.09ಕ್ಕಿಂತ ಹೆಚ್ಚಿರಲಾರದು, ಪೆಟ್ಟಿಗೆಗಳು 15. ಅದೇ 15.9 ಬಂದಿದ್ದರೂ 15ನ್ನೇ ಬರೆಯಬೇಕು. ಆದರೆ 230 ಜನರಿಗೆ 48 ಆಸನಗಳ ಬಸ್ಸುಗಳು ಬೇಕಾದಾಗ, ಬಸ್ಸುಗಳ ಸಂಖ್ಯೆ ಬ ಆಗಿದ್ದರೆ 48ಬ ≥ 230, ಬ ಸುಮಾರು 4.79 ಅಥವಾ ಹೆಚ್ಚು, ಬಸ್ಸುಗಳು 5. ನಾಲ್ಕೇ ಬಸ್ಸಾದರೆ 38 ಜನರಿಗೆ ಆಸನವಿರುವುದಿಲ್ಲ. ಸಮಯ, ನೀರು, ಉದ್ದಗಳಂತಹವನ್ನು ಮಾತ್ರ ಪೂರ್ಣಾಂಕಕ್ಕೆ ಇಳಿಸಬೇಕಾಗಿಲ್ಲ. ಹನ್ನೆರಡೂವರೆ ನಿಮಿಷ ಎಂದು ಬಂದರೆ ಹಾಗೆಯೇ ಬರೆಯಿರಿ.