ಕೊಡತಿಯ ಏಟು ಕೇಳಿಸಲಿ

ಪ್ರಿಯ ಲೇಖಕರೇ,

ಹಿಮ್ಮಡಿ ಮೂಳೆ ಮುರಿದವರಿಗೆ ಹಿಂದಿನ ಕಾಲದಿಂದ ಏನೇನು ಚಿಕಿತ್ಸೆ ನಡೆದಿತ್ತೆಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಪ್ರಾಚೀನ ಗ್ರೀಕ್ ವೈದ್ಯ ಹಿಪ್ಪೊಕ್ರೆಟಿಸ್‌ನಿಂದ ಸಿ.ಟಿ. ಸ್ಕ್ಯಾನ್‌ವರೆಗೆ ಹೆಸರು, ಇಸವಿಗಳನ್ನು ಸಾಲಾಗಿ ಪೋಣಿಸಿದ್ದೀರಿ. ಆದರೆ ಆ ಮೂಳೆಯೇ ಎಲ್ಲಿಯೂ ಕಾಣಿಸುವುದಿಲ್ಲ. ಹೊರಗೆ ತೆಳ್ಳನೆಯ ಚಿಪ್ಪು, ಒಳಗೆ ರಸ್ಕಿನ ಹಾಗೆ ತೂತುತೂತಾದ ತಿರುಳು. ಎತ್ತರದಿಂದ ಬಿದ್ದಾಗ ಮೇಲಿನ ಮೂಳೆ ಬೆಣೆಯಂತೆ ಇಳಿದು ಇದನ್ನು ಸೀಳುತ್ತದೆ. ಹಿಮ್ಮಡಿ ಕುಗ್ಗಿ ಅಗಲವಾಗುತ್ತದೆ. ಇಷ್ಟು ಮೊದಲ ಪುಟದಲ್ಲೇ ಬಂದರೆ, ಯಾವ ವೈದ್ಯ ಯಾತಕ್ಕೆ ಹೆಣಗಿದ ಎಂಬುದು ಬಿಡಿಸಿ ಹೇಳದೆಯೇ ತಿಳಿಯುತ್ತದೆ.

ಬಾಸ್ಟನ್‌ನ ಶಸ್ತ್ರವೈದ್ಯ ಫ್ರೆಡರಿಕ್ ಕಾಟನ್‌ಗೆ ನೀವು ಕೊಟ್ಟಿರುವುದು ಒಂದೇ ವಾಕ್ಯ. ನನಗೆ ತುಂಬಾ ಬೇಸರವಾದದ್ದು ಇಲ್ಲಿಯೇ. 1908ರಲ್ಲಿ ಅವರು ವಿಲ್ಸನ್ ಜೊತೆಗೂಡಿ ವಿವರಿಸಿದ ವಿಧಾನವನ್ನು ಕಣ್ಣಿಗೆ ತಂದುಕೊಳ್ಳಿ: ಪಾದದ ಒಳಮಗ್ಗುಲನ್ನು ಮರಳಿನ ಚೀಲದ ಮೇಲೆ ಒರಗಿಸಿ, ಹೊರಮಗ್ಗುಲಿಗೆ ಮೆತ್ತನೆಯ ದಪ್ಪ ಬಟ್ಟೆ ಇಟ್ಟು, ಉಬ್ಬಿದ ಮೂಳೆ ಒಳಸರಿಯುವಂತೆ ಕೊಡತಿಯಿಂದ ಬಡಿಯುವುದು. ಇದನ್ನು ಕ್ರೌರ್ಯವೆಂದು ಬರೆಯಬೇಡಿ. ಪೆನಿಸಿಲಿನ್ ಇನ್ನೂ ಬಾರದ ಕಾಲ. ಕೊಯ್ದ ಗಾಯ ಕೀವಾದರೆ ಕಾಲಿಗೇ ಕುತ್ತು. ಹಿಮ್ಮಡಿ ಮುರಿದ ಕೂಲಿಕಾರನ ದುಡಿಮೆಯ ಬದುಕು ಸಾಮಾನ್ಯವಾಗಿ ಮುಗಿದಂತೆಯೇ ಎಂದು ಕಾಟನ್ ಮತ್ತು ಹೆಂಡರ್ಸನ್ 1916ರಲ್ಲಿ ಬರೆದರು. 1920ರ ದಶಕದ ಹೊತ್ತಿಗೆ ಕಾಟನ್ ಹೊಸ ಮುರಿತಗಳನ್ನು ಕೂಡಿಸುವ ಪ್ರಯತ್ನವನ್ನೇ ಬಿಟ್ಟು, ಸೊಟ್ಟಗೆ ಕೂಡಿಕೊಂಡ ಹಳೆಯ ಹಿಮ್ಮಡಿಗಳತ್ತ ಹೊರಳಿದರು. ತನ್ನ ಕೊಡತಿಯನ್ನು ತಾನೇ ಕೆಳಗಿಟ್ಟ ವೈದ್ಯ! ಅವರಿಗೆ ಒಂದು ಪುಟವನ್ನಾದರೂ ಕೊಡಿ.

"ಹೀಗೆ ವಿಜ್ಞಾನ ಹಿಮ್ಮಡಿಯನ್ನು ಗೆದ್ದಿತು" ಎಂದು ಮುಗಿಸಿದ್ದೀರಿ. ದಯವಿಟ್ಟು ಆ ವಾಕ್ಯ ಹೊಡೆದುಹಾಕಿ. 1931ರಲ್ಲಿ ವಿಯೆನ್ನಾದ ಲೊರೆಂಜ್ ಬೋಲರ್ ಎಕ್ಸ್-ರೇ ಮೇಲೆ ಎರಡು ಗೆರೆ ಎಳೆದು, ಅವುಗಳ ನಡುವಿನ ಕೋನ ಎಷ್ಟು ತಗ್ಗಿದೆ ಎಂದು ನೋಡಿ ಮೂಳೆಯ ಕುಸಿತ ಅಳೆಯುವುದನ್ನು ಕಲಿಸಿದರು. ಸರಿಯಿದ್ದ ಹಿಮ್ಮಡಿಯಲ್ಲಿ ಅದು ಸುಮಾರು 20ರಿಂದ 40 ಡಿಗ್ರಿ. ಮೂಳೆಗೆ ಮೊಳೆ ತೂರಿಸಿ ಎಳೆದು ಆ ಎತ್ತರವನ್ನು ಮರಳಿ ತರಲು ಅವರು ಯತ್ನಿಸಿದರು. ಅಷ್ಟಾದರೂ 1942ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಬ್ಯಾಂಕಾರ್ಟ್, ನಜ್ಜುಗುಜ್ಜಾದ ಹಿಮ್ಮಡಿಯ ಫಲಿತಾಂಶಗಳು ತೀರಾ ಕೆಟ್ಟವು ಎಂದೇ ಬರೆದರು. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ 151 ರೋಗಿಗಳಿದ್ದರು. ಎರಡು ವರ್ಷದ ನಂತರ ನೋಡಿದರೆ ಶಸ್ತ್ರಚಿಕಿತ್ಸೆಯಾದವರ ಸ್ಥಿತಿ ಆಗದವರಿಗಿಂತ ಉತ್ತಮವಾಗಿರಲಿಲ್ಲ. ಎತ್ತರದಿಂದ ಜಿಗಿದು ಹಿಮ್ಮಡಿ ನೋಯಿಸಿಕೊಂಡವರಿಗೆ ಅರವತ್ತು ದಿನ ಅಲುಗಾಡದ ವಿಶ್ರಾಂತಿ ಹೇಳಿದ್ದ ಗ್ರೀಕರನ್ನು ನೀವು 'ಅಜ್ಞಾನದ ಯುಗ' ಎಂದು ತಳ್ಳಿಹಾಕಿರುವುದು ನ್ಯಾಯವಲ್ಲ.

ಕೊನೆಯ ಪುಟದಲ್ಲಿ ಅಡಿಕೆ ಮರದಿಂದ ಜಾರಿದ ನಿಮ್ಮ ದೊಡ್ಡಪ್ಪನ ಬಗ್ಗೆ ಮೂರು ಸಾಲುಗಳಿವೆ. ಅಂಗಳದಲ್ಲಿ ಚೆನ್ನಾಗಿಯೇ ನಡೆಯುವ ಅವರು ತೋಟದ ಇಳಿಜಾರು ಬಂದಾಗ ಕೋಲೂರಿ ನಿಂತುಬಿಡುತ್ತಾರೆ. ಅದಕ್ಕೆ ಕಾರಣ ಬರೆಯಲಿಲ್ಲವಲ್ಲ! ಪಾದವನ್ನು ಒಳಕ್ಕೂ ಹೊರಕ್ಕೂ ವಾಲಿಸುವ ಕೀಲು ಹಿಮ್ಮಡಿಯ ನೆತ್ತಿಯ ಮೇಲೆಯೇ ಇದೆ. ಮುರಿತ ಅದನ್ನು ಕೆಡಿಸಿದರೆ ಪಾದಕ್ಕೆ ಏರುತಗ್ಗು ಒಗ್ಗುವುದಿಲ್ಲ. ಕಾಟನ್ ಕಂಡ ಕೂಲಿಕಾರರೂ ಹೀಗೆಯೇ ನಿಂತಿರಬೇಕು. ಲೇಖನವನ್ನು ಆ ಇಳಿಜಾರಿನಿಂದ ಶುರುಮಾಡಿ, ಮತ್ತೆ ಕಳುಹಿಸಿ. ಅದನ್ನು ನಾನೇ ಓದುತ್ತೇನೆ.

ಸಂಪಾದಕ