ಬ್ಯಾಕ್ಟೀರಿಯಾ ಒಂದನ್ನೊಂದು ಸೆಳೆಯದೆ ಗುಂಪು ಕಟ್ಟುತ್ತವಾ? ಮಾಡೆಲ್ ಮಾಡೋದು ಹೇಗೆ?

ಗಾಜಿನ ಮೇಲೆ ತೆವಳುವ ಬ್ಯಾಕ್ಟೀರಿಯಾದ ಸಿಮ್ಯುಲೇಶನ್ ಬರೆಯುತ್ತಿದ್ದೀರಿ, ಕೋಶಗಳ ನಡುವೆ ಸೆಳೆತ ಹಾಕದಿದ್ದರೆ ಗುಂಪೇ ಆಗ್ತಿಲ್ಲ ಅಂದಿದ್ದೀರಿ. ಆ ಸೆಳೆತವನ್ನು ಕಿತ್ತುಹಾಕಿ. ಬದಲಿಗೆ ನೆಲಕ್ಕೆ ನೆನಪು ಕೊಡಿ.

ಸ್ಯೂಡೋಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾವನ್ನೇ ತಗೊಳ್ಳಿ. ಒಂದೆರಡು ಮೈಕ್ರೋಮೀಟರ್ ಉದ್ದದ ಕಡ್ಡಿ. ಕೂದಲಿನಂಥ ಪಿಲೈ ಚಾಚಿ, ನೆಲಕ್ಕೆ ಅಂಟಿಸಿ, ವಾಪಸ್ ಎಳೆದುಕೊಂಡು ಮೈಯನ್ನು ಮುಂದಕ್ಕೆ ಜಗ್ಗುತ್ತದೆ. ಹೋದಲ್ಲೆಲ್ಲ ಪಿಎಸ್ಎಲ್ ಎಂಬ ಅಂಟಂಟು ಸಕ್ಕರೆ ಬಿಡುತ್ತದೆ, ಬಸವನಹುಳು ಗೋಡೆ ಮೇಲೆ ಗೆರೆ ಬಿಟ್ಟ ಹಾಗೆ. ಆಮೇಲೆ ಬಂದದ್ದಕ್ಕೆ ಆ ಗೆರೆ ಸಿಕ್ಕರೆ ಅದೂ ಅಲ್ಲೇ ಸುಳಿದಾಡಿ ಒಂದಿಷ್ಟು ಬಳಿಯುತ್ತದೆ. ಮೈದಾನದ ಹುಲ್ಲಿನಲ್ಲಿ ಕಾಲುದಾರಿ ಬೀಳೋದೂ ಹೀಗೇ ಅಲ್ವಾ?

ಇದನ್ನು 2013ರಲ್ಲಿ ನೇಚರ್ ಪತ್ರಿಕೆಯ ಒಂದು ಪ್ರಬಂಧ ಚೆನ್ನಾಗಿ ತೋರಿಸಿತು. ಯಾವ ಜಾಗಕ್ಕೆ ಎಷ್ಟು ಸಲ ಭೇಟಿ ಎಂದು ಎಣಿಸಿದರೆ ಪವರ್ ಲಾ ಬರುತ್ತದೆ: ಕೆಲವೇ ಜಾಗಗಳಿಗೆ ವಿಪರೀತ ಭೇಟಿ, ಉಳಿದವಕ್ಕೆ ಅಷ್ಟಕ್ಕಷ್ಟೆ. ದುಡ್ಡಿದ್ದ ಕಡೆಗೇ ದುಡ್ಡು! ಪಿಎಸ್ಎಲ್ ಮಾಡಲಾರದ ತಳಿಯಲ್ಲಿ ಭೇಟಿಗಳು ಇನ್ನೂ ಸಮವಾಗಿ ಹಂಚಿಹೋಗಿದ್ದವು.

ನಾನು ಪೈಥಾನ್‌ನಲ್ಲಿ ಬರೆದದ್ದು ಸರಳ. 200×200 ಚೌಕ, 500 ಕೋಶ. ಪ್ರತಿ ಹೆಜ್ಜೆಗೆ ಒಂದು ಯೂನಿಟ್ ಅಂಟು. ಮುಂದಿನ ಚೌಕ ಆಯ್ಕೆಯಾಗುವ ಸಾಧ್ಯತೆ, ಅಲ್ಲಿರುವ ಅಂಟಿಗೆ 'ಎ' ಎಂಬ ಸ್ಥಿರ ಸಂಖ್ಯೆ ಕೂಡಿಸಿದ ಮೊತ್ತಕ್ಕೆ ಅನುಪಾತದಲ್ಲಿ. 'ಎ' ದೊಡ್ಡದಾದರೆ ಸುಮ್ನೆ ಅಲೆದಾಟ. ಚಿಕ್ಕದು ಮಾಡಿದೆ, ಪರದೆ ತುಂಬ ಗುಂಪಿನಂಥ ದಪ್ಪ ಚುಕ್ಕೆಗಳು! ಎರಡು ದಿನ ಬೀಗಿದ್ದೇ ಬೀಗಿದ್ದು. ಆಮೇಲೆ ಒಂದೊಂದು ಕೋಶಕ್ಕೂ ಬೇರೆ ಬಣ್ಣ ಕೊಟ್ಟು ನೋಡಿದರೆ ಒಂದೊಂದು ಚುಕ್ಕೆಯಲ್ಲೂ ಒಂದೇ ಬಣ್ಣ. ಪ್ರತಿಯೊಂದೂ ತನ್ನದೇ ಅಂಟಿನಲ್ಲಿ ಸಿಕ್ಕಿ ಗಾಣದ ಎತ್ತಿನಂತೆ ಸುತ್ತುತ್ತಿತ್ತು.

ಸರಿಹೋಗಿದ್ದು ಎರಡು ತಿದ್ದುಪಡಿಯಿಂದ. ಕಡ್ಡಿಗೆ ಮುಖ ಕೊಟ್ಟೆ, ಅಂದರೆ ಗಕ್ಕನೆ ಹಿಂದೆ ತಿರುಗುವ ಸಾಧ್ಯತೆ ಕಡಿಮೆ. ಅಂಟಿನ ಪ್ರಭಾವಕ್ಕೊಂದು ಮಿತಿ ಹಾಕಿದೆ, ಎಷ್ಟು ಬಳಿದರೂ ಅದಕ್ಕಿಂತ ಜಾಸ್ತಿ ಸೆಳೆಯುವಂತಿಲ್ಲ. ಒಂದು ಚೌಕದಲ್ಲಿ ಒಂದೇ ಕೋಶ ಅನ್ನುವ ನಿಯಮವನ್ನೂ ಮರೆಯಬೇಡಿ.

ಕೋಶ ವಿಭಜನೆಯನ್ನು ಮಾತ್ರ ಕೊನೆಗೆ ಸೇರಿಸಿ. ಒಂದು ಕೋಶ ಕೂತಲ್ಲೇ ಎರಡಾಗಿ, ನಾಲ್ಕಾಗಿ ಬೆಳೆದರೂ ಗುಂಪು ಕಾಣುತ್ತದೆ. ಆಗ ಅದು ಅಂಟಿನ ಕೆಲಸವೋ ಸಂಸಾರ ಬೆಳೆದದ್ದೋ ಗೊತ್ತಾಗಲ್ಲ. ವಿಭಜನೆ ಇಲ್ಲದೆ ಭೇಟಿಗಳ ಲಾಗ್-ಲಾಗ್ ಗ್ರಾಫ್ (ಎರಡೂ ಅಕ್ಷ ಲಾಗ್ ಅಳತೆಯಲ್ಲಿ) ಹಾಕಿ, ಪವರ್ ಲಾದಲ್ಲಿ ಬರುವ ಹಾಗೆ ಗೆರೆ ಬಾಗದೆ ಓರೆಯಾಗಿ ಕೆಳಗಿಳಿಯುತ್ತಾ ನೋಡಿ, ಆಮೇಲೆ ಮುಂದಕ್ಕೆ ಹೋಗಿ.