ಮಾರ್ಕೆಟ್ಟಿನ ಮೊಬೈಲು, ಕಿವಿಯೊಳಗಿನ ದನಿ

ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರರ ಮನೆಯವರು ಮಾತಿನ ಚಿಕಿತ್ಸೆಗೆಂದು ನನ್ನ ಹತ್ತಿರ ಬಂದಿದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಮಗನಿಗೆ 26 ವರ್ಷ. ಮನೋವೈದ್ಯರು ಸ್ಕಿಜೋಫ್ರೇನಿಯಾ ಎಂದು ಹೇಳಿ ಮಾತ್ರೆ ಶುರು ಮಾಡಿದ ಮೇಲೆ ಕೂಗಾಟ ನಿಂತಿತ್ತು. ಆದರೂ ಗಂಡಸಿನ ದನಿಯೊಂದು ಆಗಾಗ ಕಿವಿಯಲ್ಲಿ ಬಯ್ಯುತ್ತಿತ್ತು. ರೇಷ್ಮೆಗೂಡು ಮಾರುವ ಮಾರ್ಕೆಟ್ಟಿಗೆ ಕಾಲಿಡಲು ಹೆದರುತ್ತಿದ್ದ. "ಎಲ್ಲರೂ ಮೊಬೈಲ್ ಹಿಡ್ಕೊಂಡು ನನ್ನ ಬಗ್ಗೆನೇ ಮೆಸೇಜ್ ಹಾಕ್ತಾರೆ ಮೇಡಂ" ಎಂದ.

ಅಪ್ಪನ ದೂರು ಬೇರೆ: "ಹಗಲೆಲ್ಲ ಮಲಗಿರ್ತಾನೆ, ಸೋಮಾರಿ." ಅಮ್ಮ ಕೇಳಿದ್ದು ಒಂದೇ: "ಮದುವೆ ಮಾಡಿದ್ರೆ ಸರಿಹೋಗ್ತಾನಾ?"

ಮನೆಯವರು "ಅದೆಲ್ಲ ಸುಳ್ಳು ಕಣೋ" ಎಂದು ವಾದಕ್ಕಿಳಿಯುತ್ತಾರೆ, ಇಲ್ಲವೇ ಸಮಾಧಾನಕ್ಕೆ ಹೂಂಗುಡುತ್ತಾರೆ. ಎರಡೂ ಬೇಡ. ಅವನ ಹೆದರಿಕೆ ನಿಜ, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಆಮೇಲೆ ಅವನ ಜೊತೆ ಕೂತು ಕಾರಣ ಹುಡುಕಬೇಕು. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಎನ್ನುವ ಮಾತಿನ ಚಿಕಿತ್ಸೆಯಲ್ಲಿ ನಾವು ಮಾಡುವುದು ಇದನ್ನೇ. ಇದು ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ.

"ನಿನ್ನ ಮಾತು ನಿಜ ಅಂತ ನೂರಕ್ಕೆ ಎಷ್ಟು ಅನಿಸುತ್ತೆ?" ಎಂದೆ. "ತೊಂಬತ್ತು" ಎಂದ. "ಅವರು ಮೊಬೈಲ್ ನೋಡೋಕೆ ಬೇರೆ ಕಾರಣ ಇರಬಹುದಾ?" ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ ಹೇಳಿದ: "ಈಗ ಇ-ಹರಾಜು ಅಲ್ವಾ, ಗೂಡು ಕೊಂಡು ನೂಲು ತೆಗೆಯೋ ರೀಲರ್‌ಗಳು ಮೊಬೈಲಲ್ಲೇ ರೇಟ್ ಕೂಗ್ತಾರೆ." ಹಾಗಾದರೆ ಪರೀಕ್ಷೆ ಮಾಡೋಣ ಎಂದೆವು. ತನ್ನ ಬಗ್ಗೆಯೇ ಮೆಸೇಜ್ ಆದರೆ, ಅವನು ಎಲ್ಲಿ ನಿಂತರೂ ಜನ ಮೊಬೈಲ್ ಒತ್ತುತ್ತಿರಬೇಕು. ಹರಾಜಿಗೆ ಆದರೆ, ಹರಾಜು ಮುಗಿದ ಮೇಲೆ ಅದು ಕಡಿಮೆಯಾಗಬೇಕು. ಸೋದರಮಾವನ ಜೊತೆ ಹೋಗಿ, ಬೇರೆಯವರ ಗೂಡಿನ ಲಾಟ್ (ಹರಾಜಿಗಿಟ್ಟ ರಾಶಿ) ಪಕ್ಕ ನಿಂತು ನೋಡಿ ಬಂದ. ಹರಾಜು ಮುಗಿದ ಕೂಡಲೇ ಹೆಚ್ಚಿನವರು ಮೊಬೈಲ್ ಜೇಬಿಗೆ ಹಾಕಿದ್ದರು. ತೊಂಬತ್ತು ಐವತ್ತಕ್ಕೆ ಇಳಿಯಿತು. ಸೊನ್ನೆಯಾಗಲಿಲ್ಲ. ಆದರೆ ಐವತ್ತರಲ್ಲಿ ಮನುಷ್ಯ ಮಾರ್ಕೆಟ್ಟಿಗೆ ಹೋಗಿ ಬರಬಲ್ಲ, ನನಗೆ ಅದು ದೊಡ್ಡದು.

ದನಿಗೆ ಬೇರೆ ದಾರಿ. ಯಾವಾಗ ಜಾಸ್ತಿ ಬರುತ್ತದೆ ಎಂದು ಬರೆದಿಡಲು ಹೇಳಿದೆ. ಒಬ್ಬನೇ ಇದ್ದಾಗ, ನಿದ್ದೆಗೆಟ್ಟಾಗ. ಆಗ ಹಾಡು ಗುನುಗುವುದು, ಯಾರ ಜೊತೆಗಾದರೂ ಮಾತಿಗಿಳಿಯುವುದು ಅವನಿಗೆ ಒಗ್ಗಿತು.

ಅಪ್ಪನಿಗೆ ಹೇಳಿದ್ದು: ಅವನು ಸೋಮಾರಿಯಲ್ಲ. ಹುಮ್ಮಸ್ಸೇ ಹುಟ್ಟದಿರುವುದು ಈ ಕಾಯಿಲೆಯ ಲಕ್ಷಣ. ಮಾತ್ರೆಯ ಮಂಪರೂ ಇರಬಹುದು, ಅದನ್ನು ಡಾಕ್ಟರಿಗೆ ತಿಳಿಸಿ, ನೀವೇ ಕಡಿಮೆ ಮಾಡಬೇಡಿ. ಮನೆಯಲ್ಲಿ ಸದಾ ಬೈಗುಳವಿದ್ದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಬೆಳಗ್ಗೆ ಹುಳುಗಳಿಗೆ ಸೊಪ್ಪು ಹಾಕುವ ಕೆಲಸ ಮಾತ್ರ ಅವನ ಪಾಲಿಗೆ ಬಿಡಿ. ಅದು ರೂಢಿಯಾದ ಮೇಲೆ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ತೊಳೆಯುವುದು. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ರಾತ್ರಿಯೂ ಕೆಲಸವಿರುತ್ತದೆ, ಆಗ ಅವನ ನಿದ್ದೆ ಕೆಡಿಸಬೇಡಿ. ಕೆಲಸಕ್ಕೆ ಕೂಲಿಯನ್ನೂ ಅವನ ಕೈಗೇ ಕೊಡಿ.

ಅಮ್ಮನಿಗೆ ಹೇಳಿದ್ದು: ಮದುವೆ ಔಷಧಿಯಲ್ಲ. ಮುಂದೆ ಅವನಿಗೇ ಬೇಕೆನಿಸಿದರೆ, ಹುಡುಗಿಗೆ ಕಾಯಿಲೆಯ ವಿಷಯ ಮೊದಲೇ ಹೇಳಿ. ಹರಕೆ ತೀರಿಸಿ, ಬೇಡ ಅನ್ನಲ್ಲ. ಮಾತ್ರೆ ಮಾತ್ರ ತಪ್ಪಿಸಬೇಡಿ. ನಿದ್ದೆ ಕಡಿಮೆಯಾಗುವುದು, ಒಬ್ಬನೇ ಮಾತಾಡಿಕೊಳ್ಳುವುದು, ಊಟದ ಮೇಲೆ ಅನುಮಾನ: ಇದರಲ್ಲಿ ಯಾವುದು ಕಂಡರೂ ಮುಂದಿನ ತಾರೀಖಿಗೆ ಕಾಯದೆ ಡಾಕ್ಟರ ಹತ್ತಿರ ಕರೆತನ್ನಿ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.